ಅಲ್ ಹೈಲಿನಲ್ಲಿ ಕೇಳಿದ ಇಂಗ್ಲೆಂಡಿನ ಗಂಟೆ

ಯಾರಾದರೂ ತಮಗೆ ಏನೋ ಕಂಡಿತು, ಏನೋ ಕೇಳಿಸಿತು ಎಂದರೆ ‘ಹೋಗಿ ಕಿವಿ ತೊಳೆದುಕೊಳ್ಳಿ’ ಎನ್ನುತ್ತಿದ್ದವಳು ನಾನು. ಮನೆಯ ದೈವಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ ಮಾತು. ಓದಿದ್ದು ನಾಲ್ಕನೇ ಕ್ಲಾಸು, ಮೂವತ್ತು ವರ್ಷ ಮಾಡಿದ್ದು ಬೀಡಿ ಕಟ್ಟುವ ಕೆಲಸ. ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕು ಎಂದೇನಿಲ್ಲ. ಆದರೆ ನಡೆದದ್ದು ನಡೆದಿಲ್ಲ ಎಂದು ನನ್ನ ಬಾಯಲ್ಲಿ ಹೇಳಿಸಲು ಬರಬೇಡಿ.

ಮಗಳು ಶಶಿ ಮಸ್ಕತ್ತಿನ ಅಲ್ ಹೈಲ್‌ನಲ್ಲಿದ್ದಾಳೆ. ಒಂದು ಆಫೀಸಿಗೆ ಮನೆಯಿಂದಲೇ ಕಟ್ಟಡಗಳ ನಕ್ಷೆ ಮಾಡಿಕೊಡುತ್ತಾಳೆ. ಆ ವರ್ಷ ನಾನು ಹೋದಾಗ ಅಳಿಯ ದಿನೇಶನ ಕೆಲಸ ಖಲಾಸ್ ಆಗಿ ಎರಡು ತಿಂಗಳು. ಮನೆ ನಡೆಯುತ್ತಿದ್ದದ್ದು ಶಶಿಯ ಕೈಯಿಂದ. ಅವಳಿಗೂ ಹೊಸ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ಈ ಒಂದು ನಕ್ಷೆ ತಪ್ಪಿಲ್ಲದೆ, ಹೊತ್ತಿಗೆ ಸರಿಯಾಗಿ ಹೋದರೆ ಕಾಯಂ, ಇಲ್ಲವಾದರೆ ಎಲ್ಲರೂ ಗಂಟುಮೂಟೆ ಕಟ್ಟಿ ಊರಿಗೆ ಹೊರಡಬೇಕು.

ಆ ನಕ್ಷೆ ಇಂಗ್ಲೆಂಡಿನ ಯಾವುದೋ ಹಳ್ಳಿಯ ಹಳೆಯ ಇಗರ್ಜಿಯ ಗೋಪುರದ್ದು. ಶಶಿ ತೋರಿಸಿದ್ದಳು. ಚೌಕದ ಕಲ್ಲಿನ ಗೋಪುರ, ತುದಿಯಲ್ಲಿ ಹಲ್ಲು ಹಲ್ಲಾದ ಗೋಡೆ, ಒಂದು ಮೂಲೆಯಲ್ಲಿ ಬಸವನಹುಳದ ಚಿಪ್ಪಿನಂತೆ ಸುತ್ತಿಕೊಂಡು ಹೋಗುವ ಮೆಟ್ಟಿಲು. ಮೇಲಿನ ಅಂತಸ್ತಿನ ಕಿಟಕಿಗಳಿಗೆ ಬಾಗಿಲಿಲ್ಲ, ಸದ್ದು ಹೊರಗೆ ಹೋಗಲೆಂದು ಓರೆ ಕಲ್ಲುಹಲಗೆಗಳು. ಅಲ್ಲಿ ಮರದ ಚೌಕಟ್ಟಿನಲ್ಲಿ ಎಂಟು ಗಂಟೆಗಳು, ಒಂದೊಂದಕ್ಕೂ ಒಂದು ಚಕ್ರ, ಹಗ್ಗ. ಒಂದು ತೊಲೆಗೆ ಹುಳ ಹಿಡಿದಿತ್ತು. ಅದರ ಪಕ್ಕ ಹೊಸ ತೊಲೆ ಎಲ್ಲಿ ಬರಬೇಕೆಂದು ಗುರುತು ಮಾಡುವುದು ಶಶಿಯ ಕೆಲಸ. ಮಾಡಿ ಮುಗಿಸಿದ್ದಳು. ಆಫೀಸಿನಲ್ಲಿ ಒಬ್ಬರು ನೋಡಿ ಸರಿ ಎಂದೂ ಹೇಳಿದ್ದರು. ಅಂದು ಸಂಜೆ ಐದರೊಳಗೆ ಕಳಿಸಬೇಕಿತ್ತು.

ಮಧ್ಯಾಹ್ನ ಊಟ ಆಗಿತ್ತು. ದಿನೇಶ ಕೆಲಸ ಕೇಳಲು ಸುವೈಕ್ ಎಂಬ ಊರಿಗೆ ಹೋಗಿದ್ದ. ಶಶಿ ಸ್ನಾನಕ್ಕೆ ಹೋದಳು. ನಾನು ಕಂಪ್ಯೂಟರಿನ ಪಕ್ಕ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಆಗ ಗಂಟೆ ಕೇಳಿತು. ಒಂದಲ್ಲ, ಒಂದರ ಹಿಂದೆ ಒಂದು, ಸಣ್ಣ ಸ್ವರದಿಂದ ದಪ್ಪ ಸ್ವರಕ್ಕೆ ಇಳಿಯುತ್ತ. ಬೀಡಿ ಎಣಿಸಿದ ಕೈ, ತಾನಾಗಿ ಎಣಿಸಿತು: ಎಂಟು. ಮತ್ತೆ ಮೊದಲಿನಿಂದ ಎಂಟು. ಆದರೆ ಪ್ರತಿ ಸಲ ಆರನೆಯದು ಮಾತ್ರ ಮೊಳಗುವುದಿಲ್ಲ, ಮರಕ್ಕೆ ಒನಕೆ ಬಿದ್ದ ಹಾಗೆ ದೊಪ್ಪೆನ್ನುತ್ತಿತ್ತು.

ಬಾಲ್ಕನಿಗೆ ಹೋದೆ. ಉರಿಬಿಸಿಲು, ಒಂದು ನೀರಿನ ಟ್ಯಾಂಕರ್, ಬೇರೇನಿಲ್ಲ. ಅಲ್ಲಿ ಸದ್ದೇ ಇಲ್ಲ. ಒಳಗೆ ಬಂದರೆ ಇದೆ. ಗೋಡೆಗೆ ಕೈ ಇಟ್ಟೆ. ಆರನೆಯದು ಬಡಿದಾಗಲೆಲ್ಲ ಗೋಡೆ ಅದುರಿತು. ಶಶಿ ಸ್ನಾನದ ಮನೆಯ ಬಾಗಿಲು ತೆಗೆದಾಗ ಎಲ್ಲವೂ ನಿಂತಿತು.

“ಆರನೇ ಗಂಟೆ ಮರಕ್ಕೆ ಬಡೀತದೆ. ಕಳಿಸಬೇಡ,” ಎಂದೆ.

“ಅಮ್ಮ, ಅದು ಗೆರೆ ಮಾರಾಯ್ತಿ. ಗೆರೆಗೆ ಎಂತ ಸದ್ದು? ಗಂಟೆ ನೇತಾಡ್ತದೆ, ಸ್ವಲ್ಪ ಆಚೆ ಈಚೆ ಆಡ್ತದೆ. ಅಷ್ಟಕ್ಕೆ ಜಾಗ ಬಿಟ್ಟಿದ್ದೇನೆ.”

“ಬಡೀತದೆ.”

“ನಿನಗೆ ಎಂತ ಗೊತ್ತುಂಟು ಇದರಲ್ಲಿ?”

“ಎಂತದೂ ಗೊತ್ತಿಲ್ಲ. ಗೊತ್ತಿಲ್ಲದವಳು ಇದನ್ನು ಎಲ್ಲಿಂದ ಹುಟ್ಟಿಸಿ ಹೇಳ್ಲಿ? ಯಾರನ್ನಾದ್ರೂ ಕೇಳು.”

ಈಗ ಕೇಳಿದರೆ ತನಗೆ ಕೆಲಸವೇ ಬರುವುದಿಲ್ಲ ಎನ್ನುತ್ತಾರೆ ಎಂದು ಅವಳು ನಕ್ಷೆ ಕಳಿಸಲು ಕುರ್ಚಿ ಎಳೆದುಕೊಂಡಳು. ನಾನು ಇಂಟರ್‌ನೆಟ್ಟಿನ ಡಬ್ಬಿಯ ವಯರು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮೂರೂವರೆಯವರೆಗೆ ಕಿರುಚಾಡಿದಳು, ಅತ್ತಳು, ನಾಳೆಯೇ ಟಿಕೆಟ್ ಮಾಡಿ ಕಳಿಸುತ್ತೇನೆ ಎಂದಳು. ಮಾಡು ಎಂದೆ. ಕೊನೆಗೆ ನನ್ನ ಬಾಯಿ ಮುಚ್ಚಿಸಲೆಂದೇ ಆ ಗೋಪುರದ ಕೆಲಸ ನೋಡಿಕೊಳ್ಳುವ ಇಂಗ್ಲೆಂಡಿನ ಎಂಜಿನಿಯರಿಗೆ ಫೋನು ಹಚ್ಚಿದಳು. ಗಂಟೆ ಎಷ್ಟು ಆಡುತ್ತದೆ ಎಂದು ಕೇಳಿದಳು. ಆ ಕಡೆಯ ಮಾತು ಕೇಳುತ್ತ ಕೇಳುತ್ತ ಅವಳು ನಕ್ಷೆಯನ್ನು ಮತ್ತೆ ತೆರೆದಳು.

ಅವರ ಗಂಟೆ ನಮ್ಮ ದೇವಸ್ಥಾನದ ಗಂಟೆಯ ಹಾಗೆ ನೇತಾಡುವುದಲ್ಲವಂತೆ. ಹಗ್ಗ ಎಳೆದರೆ ಚಕ್ರದೊಡನೆ ಇಡೀ ಗಂಟೆ ಒಂದು ಸುತ್ತು ತಿರುಗಿ, ಬಾಯಿ ಆಕಾಶಕ್ಕೆ ಮಾಡಿ ನಿಲ್ಲುತ್ತದಂತೆ. ಶಶಿ ಚಕ್ರವನ್ನು ಬಾವಿಯ ರಾಟೆ ಎಂದುಕೊಂಡಿದ್ದಳು. ನೋಡಿ ಸರಿ ಎಂದವರೂ ನಮ್ಮ ಕಡೆಯವರೇ, ನಮ್ಮಂಥದೇ ಗಂಟೆ ನೋಡಿ ಬೆಳೆದವರು. ಅಳೆದು ನೋಡಿದಳು. ಉಳಿದ ಏಳೂ ಸಲೀಸಾಗಿ ತಿರುಗುತ್ತವೆ. ಆರನೆಯದು ತಿರುಗುವ ಜಾಗದೊಳಗೆ ಹೊಸ ತೊಲೆ ನಾಲ್ಕು ಬೆರಳು ಚಾಚಿದೆ, ಗಂಟೆ ಅದಕ್ಕೆ ಬಡಿಯುತ್ತದೆ. ವಯರು ಕೊಟ್ಟೆ. ತೊಲೆ ಸರಿಸಿ ಐದಕ್ಕೆ ಐದು ನಿಮಿಷ ಇರುವಾಗ ಕಳಿಸಿದಳು. ಕಾಯಂ ಆಯಿತು.

ರಾತ್ರಿ ದಿನೇಶ, “ಅತ್ತೆ, ಮೊಬೈಲಲ್ಲಿ ಎಂತದೋ ನೋಡಿರ್ತೀರಿ, ಅದೇ ತಲೆಯಲ್ಲಿ ಕೂತಿರ್ತದೆ,” ಎಂದ.

“ನನ್ನದು ಒತ್ತುವ ಮೊಬೈಲು. ಅದರಲ್ಲಿ ನಿನ್ನ ಮುಖವೂ ಬರುವುದಿಲ್ಲ, ಪುಣ್ಯ,” ಎಂದೆ.

ಆಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು. ಎಸಿಯ ಕೊಳವೆ, ರಕ್ತದ ಒತ್ತಡ, ಮೇಲಿನ ಮನೆಯವರ ಮಸಾಲೆ ಕುಟ್ಟಾಣಿ. ಮೇಲಿನ ಮನೆ ಆ ತಿಂಗಳು ಖಾಲಿ ಇತ್ತು. ಡಾಕ್ಟರು ಕಿವಿ ನೋಡಿ ಚೆನ್ನಾಗಿದೆ ಎಂದರು. ಆ ಗೋಪುರದ ಗಂಟೆಯೇ ನಿನ್ನ ಕಿವಿಗೆ ಬಂತು ಎಂದು ಕೈ ಮುಗಿಯಲು ಬಂದವರೂ ಇದ್ದಾರೆ. ಅವರನ್ನೂ ನಾನು ಕೂರಿಸಿಕೊಳ್ಳಲಿಲ್ಲ. ಹುಳ ಹಿಡಿದ ಮರ ಎಂದು ಆ ಎಂಟನ್ನೂ ಎಷ್ಟೋ ವರ್ಷದಿಂದ ಅಲುಗಾಡದಂತೆ ಕಟ್ಟಿಹಾಕಿದ್ದಾರೆ ಎಂದು ಆ ಎಂಜಿನಿಯರೇ ಫೋನಿನಲ್ಲಿ ಹೇಳಿದ್ದ. ಇನ್ನು ಆರನೆಯ ಗಂಟೆ ಬಡಿದ ತೊಲೆಯನ್ನು ಯಾರೂ ಕಡಿದಿರಲಿಲ್ಲ, ಸಾಗಿಸಿರಲಿಲ್ಲ, ಮೇಲೇರಿಸಿರಲಿಲ್ಲ. ನನ್ನ ಮಗಳ ಎರಡು ಗೆರೆ ಬಿಟ್ಟರೆ ಅದು ಈ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಆದರೂ ಅದಕ್ಕೆ ಗಂಟೆ ಬಡಿದಾಗ ಗೋಡೆ ಅದುರಿದ್ದು ನನ್ನ ಅಂಗೈಗೆ ಗೊತ್ತಾಗಿದೆ.