ತೊಳೆಯದೆ ಇಟ್ಟ ಕಾಫಿ ಲೋಟ

ಡಾಲ್ಟನ್ ಹೊರಟುಹೋದ ಹದಿನೇಳನೆಯ ದಿನ ಬೆಳಿಗ್ಗೆ ಶೆಲ್ಬಿ ಎದ್ದು ನೋಡಿದರೆ, ಅವನು ಕಾಫಿ ಕುಡಿದಿಟ್ಟಿದ್ದ ನೀಲಿ ಲೋಟದಲ್ಲಿ ಅರ್ಧ ಬೆರಳಿನಷ್ಟು ನೀರು ನಿಂತಿತ್ತು.

ಆ ಲೋಟವನ್ನು ಅವಳು ತೊಳೆದಿರಲಿಲ್ಲ. ತೊಳೆಯುವ ಹಾಗೂ ಇರಲಿಲ್ಲ. ಕೆಂಟಕಿಯ ಆ ನದೀದಂಡೆಯಲ್ಲಿ, ಗಾಲಿಮನೆಗಳು ನಿಲ್ಲುವ ಟ್ರೈಲರ್ ಪಾರ್ಕಿನಲ್ಲಿ ಇರುವವರು ಹೆಚ್ಚುಕಡಿಮೆ ಎಲ್ಲರೂ ಲೈನ್‌ಮನ್‌ಗಳ ಸಂಸಾರದವರೇ. ದಕ್ಷಿಣದಲ್ಲಿ ಎಲ್ಲೋ ಚಂಡಮಾರುತ ಎದ್ದು ಕರೆಂಟು ಕಂಬಗಳು ನೆಲಕ್ಕೆ ಮಲಗಿದವೆಂದರೆ ಗಂಡಸರಿಗೆ ಫೋನ್ ಬರುತ್ತದೆ. ಒಂದು ಗಂಟೆಯೊಳಗೆ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ಹೊರಡುವ ಮುಂಚೆ ಗಂಡ ಕುಡಿದಿಟ್ಟ ಲೋಟವನ್ನು, ಅವನು ವಾಪಸು ಬರುವ ತನಕ ಹೆಂಡತಿ ತೊಳೆಯಬಾರದು. ತೊಳೆದರೆ ಅವನಿಗೆ ಕೇಡಂತೆ. ಯಾರು ಮಾಡಿದ ಶಾಸ್ತ್ರವೋ ಏನೋ. ಸಿನ್ಸಿನಾಟಿಯಲ್ಲಿ ಕಾಲೇಜು ಓದಿದ ಶೆಲ್ಬಿಗೆ ಮೊದಲ ಸಲ ಕೇಳಿದಾಗ ನಗು ಬಂದಿತ್ತು. ಆದರೆ ಡಾಲ್ಟನ್ ಹೋದ ದಿನ ಲೋಟ ಹಿಡಿದು ಸಿಂಕಿನವರೆಗೆ ಹೋದವಳು ನಲ್ಲಿ ತಿರುಗಿಸಲಾರದೆ ಹಿಂದೆ ಬಂದಳು. ಊಟದ ಮೇಜಿನ ಪಕ್ಕದ ಕಿಟಕಿಯ ಅಂಚಿನಲ್ಲಿ ಅದನ್ನು ಇಟ್ಟಳು. ತಳದಲ್ಲಿ ಕಾಫಿಯ ಕಂದು ಉಂಗುರವೊಂದು ಒಣಗಿ ಕೂತಿತು. ದಿನಕ್ಕೆ ನಾಲ್ಕು ಸಲ ಅದನ್ನು ಇಣುಕಿ ನೋಡುವುದು ರೂಢಿಯಾಗಿಬಿಟ್ಟಿತು.

ಈಗ ಆ ಉಂಗುರ ರಾತ್ರಿಯ ಮಳೆನೀರಿನಲ್ಲಿ ಕರಗಿ ಕಲಸಿಹೋಗಿತ್ತು. ಶೆಲ್ಬಿ ಸೂರಿನ ಕಡೆ ಕಣ್ಣೆತ್ತಿದಳು. ಅಷ್ಟರಲ್ಲಿ ಆ ಕಿಟಕಿಯ ಕೆಳಗಿನ ಪುಟ್ಟ ಹಾಸಿಗೆಯಿಂದ ಐವಿ ಕೆಮ್ಮಿದಳು. ಒಣಕೆಮ್ಮಲ್ಲ, ಒಳಗೆ ಏನೋ ಗೊರಗುಡುವ ಕೆಮ್ಮು. ಎರಡೂವರೆ ವರ್ಷದ ಮಗು. ನಾಲ್ಕು ದಿನದಿಂದ ಹೀಗೇ.

ಟ್ರೈಲರ್ ಅವರದಾಗಿ ಎರಡು ತಿಂಗಳಷ್ಟೇ ಆಗಿತ್ತು. ಪಿಕಪ್ ಗಾಡಿಯ ಹಿಂದೆ ಕಟ್ಟಿಕೊಂಡು ಊರಿಂದೂರಿಗೆ ಎಳೆದೊಯ್ಯುವ ಇಪ್ಪತ್ತಾರು ಅಡಿಯ ಮನೆ, ಹದಿನೈದು ವರ್ಷ ಹಳೆಯದು. ಅದನ್ನು ಕೊಳ್ಳುವುದಕ್ಕೆ ಕಾರಣವೂ ಐವಿಯೇ. ಮದುವೆಯಾದಾಗಿನಿಂದ ಡಾಲ್ಟನ್ ಒಂದು ರಾಜ್ಯದಲ್ಲಿ, ಶೆಲ್ಬಿ ಅಮ್ಮನ ಮನೆಯಲ್ಲಿ. ಮಗು ಮೊದಲ ಸಲ 'ಡ್ಯಾಡಾ' ಎಂದದ್ದು ಫೋನಿಗೆ. ಎರಡು ವರ್ಷ ತುಂಬಿದ ಮೇಲೂ, ಅಪ್ಪನೇ ಎದುರಿಗೆ ಬಂದು ಕೂತಾಗ ಫೋನನ್ನೇ ಎತ್ತಿ ಮುದ್ದಿಟ್ಟು "ಡ್ಯಾಡಾ" ಅಂದಿತು. ಎಲ್ಲರೂ ನಕ್ಕರು. ಡಾಲ್ಟನ್ ನಗುತ್ತಲೇ ಹೊರಗೆ ಹೋಗಿ, ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದ. ಮಾರನೆಯ ವಾರ ಇಂಡಿಯಾನಾದ ಒಬ್ಬ ಮುದುಕ ಮುದುಕಿಯ ಹಿತ್ತಲಿನಿಂದ ಈ ಟ್ರೈಲರ್ ಎಳೆದುಕೊಂಡು ಬಂದ. ಇನ್ನು ಅವನಿಗೆ ಕೆಲಸ ಎಲ್ಲಿಯೋ ಅಲ್ಲಿಯೇ ಮನೆ ಎಂಬ ಲೆಕ್ಕಾಚಾರ. ಚಂಡಮಾರುತದ ಕರೆ ಬಂದಾಗ ಮಾತ್ರ ಅವನೊಬ್ಬನೇ ಹೋಗಬೇಕು.

ಆ ಮುದುಕಿ ಕಪಾಟುಗಳಿಗೆಲ್ಲ ಚೀಟಿ ಅಂಟಿಸಿದ್ದಳು. 'ಸಕ್ಕರೆ', 'ಟಾರ್ಚು', 'ಹೊರಡುವ ಮುಂಚೆ ಆಂಟೆನಾ ಇಳಿಸು, ರಾಯ್!' ರಾಯ್ ಅವಳ ಗಂಡನಿರಬೇಕು. ಶೆಲ್ಬಿಗೆ ಅವನ್ನು ಕೀಳಲು ಮನಸ್ಸು ಬರಲಿಲ್ಲ. ಸಕ್ಕರೆ ಇದ್ದಲ್ಲೇ ಸಕ್ಕರೆ ಇಟ್ಟಳು. ಕಲಿಯುವುದು ಒಂದೆರಡೇ? ಚಕ್ರದ ಕೆಳಗೆ ಹಲಗೆ ಕೊಟ್ಟು ನೆಲ ಸಮ ಮಾಡಬೇಕು, ಇಲ್ಲದಿದ್ದರೆ ಫ್ರಿಜ್ ಮುನಿಸಿಕೊಳ್ಳುತ್ತದೆ. ಕಕ್ಕಸಿನ ತೊಟ್ಟಿಯ ಕವಾಟ ಸದಾ ಮುಚ್ಚಿರಬೇಕು, ತುಂಬಿದ ಮೇಲೆ ಒಮ್ಮೆಲೇ ಬಿಡಬೇಕು. ಇಲಿ ಬರುವ ಸಂದಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರು ತುರುಕಬೇಕು. ಇದೆಲ್ಲ ಅವಳು ಫೋನಿನಲ್ಲಿ ವಿಡಿಯೋ ನೋಡಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಕಲಿತಳು. ಆದರೂ ಪ್ರತಿದಿನ ಏನೋ ಒಂದನ್ನು ಮರೆತಿದ್ದೇನೆ ಎಂಬ ದಿಗಿಲು ಮಾತ್ರ ಹೋಗಲಿಲ್ಲ.

ಕೆಮ್ಮಿನ ವಿಷಯ ಅಮ್ಮನಿಗೆ ಹೇಳಬಾರದಿತ್ತು. ಆದರೆ ಅಮ್ಮ ಡೆನೀಸ್ ಫೋನಿನಲ್ಲೇ ಕೆಮ್ಮು ಕೇಳಿಸಿಕೊಂಡಳು.

"ಅದೇನು ಆ ಸದ್ದು? ಮಗುಂದಾ?"

"ಸ್ವಲ್ಪ ಶೀತ ಅಷ್ಟೇ ಅಮ್ಮ. ಡಾಕ್ಟರಿಗೆ ತೋರಿಸ್ದೆ. ಎದೆ ಸರಿಯಾಗೇ ಇದೆ, ತೇವದಿಂದ ದೂರ ಇಡಿ ಅಂದ್ರು."

"ತೇವದಿಂದ ದೂರ! ತಗಡಿನ ಡಬ್ಬೀಲಿ ಕೂತ್ಕೊಂಡು ತೇವದಿಂದ ದೂರ! ನೋಡು, ಶನಿವಾರ ಬರ್ತೀನಿ. ಗೋಡೆ ಮುಟ್ಟಿ ನೋಡ್ತೀನಿ. ಒದ್ದೆ ಇತ್ತೋ, ಚಳಿಗಾಲ ಮುಗಿಯೋ ತನಕ ಐವಿ ನನ್ನ ಹತ್ರ. ನೀನು ಬರೋದಾದ್ರೆ ಬಾ, ಇಲ್ಲಾಂದ್ರೆ ನಿನ್ನ ಗಂಡನ ಲೋಟ ಕಾಯ್ಕೊಂಡು ಕೂತ್ಕೋ."

ಅದನ್ನು ಹೇಳಿದ್ದು ಬುಧವಾರ. ಲೋಟದಲ್ಲಿ ನೀರು ನಿಂತದ್ದು ಗುರುವಾರ.

ಸೂರಿನಿಂದಲೇ ಸೋರಿರಬೇಕು ಎಂದುಕೊಂಡು ಶೆಲ್ಬಿ ಮಗುವಿಗೆ ಓಟ್ಸ್ ಗಂಜಿ ಕೊಟ್ಟು ಪಟ್ಟಿ ಬಿಗಿಯುವ ಪುಟ್ಟ ಕುರ್ಚಿಯಲ್ಲಿ ಕೂರಿಸಿ, ಬಾಗಿಲು ತೆರೆದಿಟ್ಟು, ಬಿರುಕು ಮುಚ್ಚುವ ಸಿಲಿಕಾನ್ ಅಂಟಿನ ಕೊಳವೆ ಹಿಡಿದು ಏಣಿ ಹತ್ತಿದಳು. ತಿಂಗಳಲ್ಲಿ ಇದು ಮೂರನೆಯ ಸಲ. ಅಂಚುಗಳಲ್ಲಿ ಒಂದು ಬಿರುಕೂ ಕಾಣಲಿಲ್ಲ. ಆದರೂ ಇನ್ನೊಂದು ಪದರ ಬಳಿಯತೊಡಗಿದಳು.

"ಏನೇ ಹುಡುಗಿ, ಕೋಳಿ ಕೂಗೋ ಮುಂಚೆ ಮಾಳಿಗೆ ಹತ್ತಿದೀಯ! ಕೇಕಿಗೆ ಕ್ರೀಮ್ ಬಳಿದ ಹಾಗೆ ಬಳೀತಿದೀಯಲ್ಲ!"

ಕೆಳಗೆ ಮಿಸ್ ಆರ್ಲೀನ್ ನಿಂತಿದ್ದರು. ಪಾರ್ಕಿನಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುವುದು. ಗಂಡ ವರ್ನನ್ ಲೈನ್‌ಮನ್ ಆಗಿದ್ದ ಮೂವತ್ತೊಂದು ವರ್ಷವೂ ಟ್ರೈಲರಿನಲ್ಲೇ ಅವನ ಹಿಂದೆ ಸುತ್ತಿದವರು. ಅವನು ತೀರಿಕೊಂಡು ಆರು ವರ್ಷವಾದರೂ ಗಟ್ಟಿ ಮನೆ ಮಾಡಿಕೊಳ್ಳದೆ ಪಕ್ಕದ ಜಾಗದಲ್ಲೇ ಇದ್ದರು.

"ಸೋರ್ತಿದೆ ಮಿಸ್ ಆರ್ಲೀನ್. ಲೋಟದಲ್ಲಿ ನೀರು ಬಂದಿದೆ," ಎಂದಳು ಶೆಲ್ಬಿ. ಹೇಳುತ್ತ ಹೇಳುತ್ತ ಮುಂಗೈಯಿಂದ ಕಣ್ಣೊರೆಸಿಕೊಂಡಳು. "ಡಾಲ್ಟನ್ ಲೋಟ. ನಾನು ತೊಳೀಲಿಲ್ಲ. ಆದ್ರೂ ತೊಳೆದ ಹಾಗೇ ಆಯ್ತಲ್ಲ?"

"ತೊಳೆದದ್ದು ಮಳೆ. ಅದಕ್ಕೇನು ಗಂಡ ಇದಾನಾ? ಇಳಿ ಮೊದಲು. ನಾನೂ ಒಂದ್ಸಲ ಮರೆತು ತೊಳೆದುಬಿಟ್ಟಿದ್ದೆ, ಗೊತ್ತಾ? ಏನೂ ಆಗಲಿಲ್ಲ. ವರ್ನನ್ ಎರಡು ದಿನ ಮುಂಚೇನೇ ಬಂದ. ಬರೋವಾಗ ಅವನ ಅಮ್ಮನ್ನೂ ಕರ್ಕೊಂಡು ಬಂದ. ಆರು ವಾರ ಇದ್ಳು ಮಹಾತಾಯಿ. ಅವತ್ತಿಂದ ತೊಳೆದಿಲ್ಲ ನೋಡು."

ಶೆಲ್ಬಿಗೆ ಅಳುವಿನ ನಡುವೆ ನಗು ಬಂತು. ಇಳಿದಳು.

ಮಿಸ್ ಆರ್ಲೀನ್ ಒಳಗೆ ಬಂದು ಸೂರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕಿಟಕಿಯ ಕೆಳಗಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದರು. ನೆನೆದ ಬ್ರೆಡ್ಡಿನಂತೆ ಅದು ಒಳಗೆ ಹೋಯಿತು. ಐವಿ ಮಲಗುವ ಜಾಗಕ್ಕೆ ಒಂದು ಗೇಣು ದೂರ. ಇಷ್ಟು ದಿನ ಮೇಲೆಯೇ ನೋಡುತ್ತಿದ್ದ ಶೆಲ್ಬಿಗೆ ಪಕ್ಕದ ಗೋಡೆ ಮುಟ್ಟಬೇಕೆಂದು ಹೊಳೆದೇ ಇರಲಿಲ್ಲ.

ಮಿಸ್ ಆರ್ಲೀನ್ ಮತ್ತೆ ಹೊರಗೆ ಹೋಗಿ, ಕಿಟಕಿಯ ಚೌಕಟ್ಟಿನ ಕೆಳಗಿನ ಅಂಚಿನ ಮೇಲೆ ಉಗುರು ಎಳೆದರು. ಉಗುರು ಒಂದು ಕಡೆ ನಿಂತಿತು. ಬಿಳಿ ಸಿಲಿಕಾನಿನ ಒಂದು ಉಂಡೆ. ಮತ್ತೊಂದು ಕಡೆ ಇನ್ನೊಂದು.

"ಈ ತೂತುಗಳನ್ನ ಯಾರು ಮುಚ್ಚಿದ್ದು?"

"ನಾನೇ. ಬಂದ ವಾರದಲ್ಲೇ. ಅಲ್ಲಿಂದ ತಣ್ಣನೆ ಗಾಳಿ ಬರ್ತಿತ್ತು, ಐವಿ ಮಲಗೋದು ಅಲ್ಲೇ. ಏಳೂ ಕಿಟಕಿ ಹುಡುಕಿ ಹುಡುಕಿ ಮುಚ್ಚಿದೀನಿ."

"ಏಳೂ!" ಮಿಸ್ ಆರ್ಲೀನ್ ಹಣೆ ಚಚ್ಚಿಕೊಂಡರು. "ನನ್ನ ಬಂಗಾರ, ಅದು ಗಾಳಿ ಬರಲಿ ಅಂತ ಇಟ್ಟದ್ದಲ್ಲ ಕಣೇ. ನೀರು ಹೋಗಲಿ ಅಂತ ಇಟ್ಟದ್ದು. ಈ ಜಾರೋ ಕಿಟಕಿ ಇದೆಯಲ್ಲ, ಇದರ ಹಳಿ ಒಳಗೆ ಮಳೆ ನೀರು ಇಳಿದೇ ಇಳಿಯತ್ತೆ. ಎಷ್ಟೇ ಬಿಗಿ ಮಾಡು. ಇಳಿದದ್ದು ಈ ತೂತಿಂದ ಹೊರಗೆ ಹೋಗತ್ತೆ. ನೀನು ಬಾಗಿಲು ಹಾಕಿದ್ರೆ ಅದು ಪಾಪ ಎಲ್ಲಿಗೆ ಹೋಗಬೇಕು? ಒಳಗೆ ಬಂತು. ನಿನ್ನ ಗಂಡನ ಲೋಟಕ್ಕೆ."

ಶೆಲ್ಬಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಮಗುವಿಗೆ ಶೀತವಾಗದಿರಲಿ ಎಂದು ತಾನೇ, ತನ್ನ ಕೈಯಾರೆ, ಬೆರಳಿನಿಂದ ಒತ್ತಿ ಒತ್ತಿ ಮಾಡಿದ್ದು. ಇಂಥ ತಪ್ಪಿಗೆ ಯಾರನ್ನು ಬೈಯುವುದು?

"ಅಳಬೇಡ. ಗಟ್ಟಿ ಮನೇಲಿ ಹುಟ್ಟಿದವರು ಟ್ರೈಲರಿಗೆ ಬಂದಾಗ ಎಲ್ಲರೂ ಮಾಡೋದೇ ಇದು. ನಾನು ಮಾಡಿದೀನಿ, ಟೆಕ್ಸಸ್‌ನಲ್ಲಿ. ನನ್ನ ಕ್ರೋಷಾ ಕಡ್ಡಿ ತರ್ತೀನಿ, ತಡಿ."

ಆ ಕ್ರೋಷಾ ಕಡ್ಡಿಯಿಂದ ಹದಿನಾಲ್ಕು ತೂತುಗಳನ್ನೂ ಇಬ್ಬರೂ ಕೆದಕಿದರು. ಊಟದ ಮೇಜಿನ ಕಿಟಕಿಯದನ್ನು ತೆಗೆದ ಕೂಡಲೇ ಹಳಿಯಲ್ಲಿ ನಿಂತಿದ್ದ ನೀರು ಶೆಲ್ಬಿಯ ಮುಂಗೈ ಮೇಲೆ ದಾರದಂತೆ ಇಳಿಯಿತು. ಮಿಸ್ ಆರ್ಲೀನ್ ತಮ್ಮ ತೇವ ಹೀರುವ ಯಂತ್ರವನ್ನು ಉರುಳಿಸಿಕೊಂಡು ಬಂದರು. ಗೋಡೆಯ ಕೆಳಗಿನ ಮೆತ್ತನೆಯ ಹಲಗೆಯನ್ನು ಬಿಚ್ಚಿ, ಒಳಗೆ ಚಳಿ ತಡೆಯಲು ತುಂಬಿದ್ದ ನೆನೆದ ಹತ್ತಿಯನ್ನು ಹೊರಗೆಳೆದು, ಯಂತ್ರವನ್ನು ಅದರ ಬಾಯಿಗೆ ಇಟ್ಟರು. ಶೆಲ್ಬಿ ಲೋಟದ ನೀರು ಚೆಲ್ಲಲು ಕೈ ಹಾಕಿದಳು.

"ಮುಟ್ಟಬೇಡ. ಚೆಲ್ಲಿದ್ರೆ ಅದೂ ತೊಳೆದ ಲೆಕ್ಕ. ತಾನಾಗೇ ಆರಲಿ," ಎಂದರು ಮಿಸ್ ಆರ್ಲೀನ್. ಈ ಸಲ ಅವರು ನಗುತ್ತಿರಲಿಲ್ಲ.

ಮಧ್ಯಾಹ್ನ ಡಾಲ್ಟನ್ ಫೋನ್ ಮಾಡಿದ. ಲಾರಿಯಲ್ಲೇ ಕೂತು ಸ್ಯಾಂಡ್‌ವಿಚ್ ತಿನ್ನುವ ಐದು ನಿಮಿಷ.

"ಹೇಗಿದೆ ನಮ್ಮ ಅರಮನೆ?"

"ಹೊಟ್ಟೆ ಬಗೆದು ಇಟ್ಟಿದೀವಿ," ಎಂದು ಶೆಲ್ಬಿ ಎಲ್ಲವನ್ನೂ ಹೇಳಿದಳು. ಲೋಟದ ನೀರೊಂದನ್ನು ಬಿಟ್ಟು.

ಅವನು ಅಗಿಯುವುದನ್ನು ನಿಲ್ಲಿಸಿದ. "ಹಾಗಾದ್ರೆ ಶನಿವಾರ ನಿಮ್ಮಮ್ಮ ಐವೀನ ಕರ್ಕೊಂಡು ಹೋಗ್ತಾರಾ?"

"ಗೋಡೆ ಒಣಗದಿದ್ರೆ."

"ಒಣಗತ್ತಾ?"

"ನೋಡ್ಬೇಕು. ನೀನು ಯಾವಾಗ ಬರ್ತೀಯ?"

"ಇನ್ನೂ ಎರಡು ವಾರ ಅಂತಿದಾರೆ ಶೆಲ್. ಇಲ್ಲಿ ಒಂದು ಬೀದಿಗೂ ಬೆಳಕಿಲ್ಲ." ಆಮೇಲೆ ಕೇಳಿದ, "ಲೋಟ ಇದೆಯಾ?"

"ಇಟ್ಟಲ್ಲೇ ಇದೆ," ಎಂದಳು. ಸುಳ್ಳೇನೂ ಅಲ್ಲವಲ್ಲ.

ಎರಡು ದಿನ ಆ ಯಂತ್ರ ಬಿಡದೆ ಗುಂಯ್‌ಗುಟ್ಟಿತು. ಅದರ ಬಕೆಟ್ಟು ತುಂಬುವುದು, ಶೆಲ್ಬಿ ಹೊರಗೆ ಸುರಿಯುವುದು. ಐವಿಯನ್ನು ದೊಡ್ಡ ಹಾಸಿಗೆಯಲ್ಲಿ ತನ್ನ ಮಗ್ಗುಲಿಗೆ ಮಲಗಿಸಿಕೊಂಡಳು. ಡಾಲ್ಟನ್ನನ ಜಾಗ. ಮಗು ಅವನ ದಿಂಬಿನಲ್ಲಿ ಮುಖ ಹುದುಗಿಸಿ ನಿದ್ದೆಹೋಯಿತು. ಅವನ ವಾಸನೆ ಇನ್ನೂ ಉಳಿದಿತ್ತೋ, ಇಲ್ಲ ಉಳಿದಿದೆಯೆಂದು ತನಗನ್ನಿಸಿತೋ, ಶೆಲ್ಬಿಗೆ ತಿಳಿಯಲಿಲ್ಲ. ಶುಕ್ರವಾರ ಸಂಜೆ ಹೊಸ ಹತ್ತಿ ತುಂಬಿ, ಹೊಸ ಹಲಗೆ ಹೊಡೆದಳು. ಒಂದು ಮೊಳೆ ಸೊಟ್ಟಗಾಯಿತು. ಕೆಮ್ಮು ಸ್ವಲ್ಪ ಸಡಿಲವಾಗಿತ್ತು. ಹಾಗೆ ತನಗೆ ಮಾತ್ರ ಕೇಳಿಸುತ್ತಿರಬಹುದೆಂದು ಮತ್ತೆ ಮತ್ತೆ ಎದೆಗೆ ಕಿವಿಯಿಟ್ಟು ಕೇಳಿದಳು.

ಶನಿವಾರ ಬೆಳಗಿನಿಂದಲೇ ಮಳೆ. ಡೆನೀಸ್ ಕಾರಿನಲ್ಲಿ ಮಗುವಿನ ಸೀಟನ್ನು ಮೊದಲೇ ಕಟ್ಟಿಕೊಂಡು ಬಂದಿದ್ದಳು. ಅದನ್ನು ಕಂಡು ಶೆಲ್ಬಿ ಐವಿಯ ಕೈ ಹಿಡಿದುಕೊಂಡಳು.

"ಮೂರು ಹೆಜ್ಜೆ ಇಟ್ರೆ ಮನೆ ಮುಗೀತು," ಎನ್ನುತ್ತ ಡೆನೀಸ್ ಒಳಗೆ ಬಂದಳು. ಕಪಾಟು ತೆಗೆದು ಮೂಸಿದಳು. ಹಾಸಿಗೆಯ ಅಡಿಗೆ ಕೈ ತೂರಿಸಿದಳು. ಆಮೇಲೆ ಮೇಜಿನ ಪಕ್ಕ ಕೂತು, ಆ ಹೊಸ ಹಲಗೆಯ ಮೇಲೆ ಅಂಗೈ ಇಟ್ಟಳು. ಹೊರಗೆ ಮಳೆ ತಗಡಿನ ಮೇಲೆ ಅಕ್ಕಿ ಸುರಿದಂತೆ ಬೀಳುತ್ತಿತ್ತು. ಶೆಲ್ಬಿ ಆ ಕೈಯನ್ನೇ ನೋಡುತ್ತ ನಿಂತಳು. ಡೆನೀಸ್ ಕೈ ತಿರುಗಿಸಿ ಹಿಂಗೈಯನ್ನೂ ಒತ್ತಿ ನೋಡಿದಳು. ಅಷ್ಟರಲ್ಲಿ ಐವಿ ಒಂದು ಸಲ ಕೆಮ್ಮಿದಳು. ಇಬ್ಬರೂ ಅವಳತ್ತ ತಿರುಗಿದರು. ಎರಡನೆಯ ಕೆಮ್ಮು ಬರಲಿಲ್ಲ.

"ಅಜ್ಜಿ, ಬಾ! ಕಿಟಕಿ ಉಚ್ಚೆ ಮಾಡ್ತಿದೆ, ನೋಡು ಬಾ!"

ಐವಿ ಅಜ್ಜಿಯ ಬೆರಳು ಹಿಡಿದು ಎಳೆದೇ ಎಳೆದಳು. ಮೂವರೂ ಬಾಗಿಲ ಮುಂದಿನ ಚಪ್ಪರದ ಬಟ್ಟೆಯ ಕೆಳಗೆ ನಿಂತರು. ಕಿಟಕಿಯ ಅಂಚಿನ ಎರಡು ತೂತಿನಿಂದಲೂ ನೀರು ಸಣ್ಣಗೆ, ಸಲೀಸಾಗಿ ಹೊರಗೆ ಇಳಿಯುತ್ತಿತ್ತು. ಡೆನೀಸ್ ನಗಬಾರದೆಂದು ತುಟಿ ಕಚ್ಚಿಕೊಂಡಳು, ಆದರೂ ನಕ್ಕಳು.

"ಹಲಗೆ ಹೊಡೆದದ್ದು ಯಾರು? ಮೊಳೆ ಸೊಟ್ಟ."

"ನಾನೇ."

"ಹೂಂ." ಡೆನೀಸ್ ಹೇಳಿದಳು, "ಥ್ಯಾಂಕ್ಸ್‌ಗಿವಿಂಗ್ ಹಬ್ಬದ ತನಕ ನೋಡೋಣ. ಗೋಡೆ ಒದ್ದೆ ಇದ್ರೆ ಅಂದಿದ್ದೆ, ಒದ್ದೆ ಇಲ್ಲ. ಮಾತಂದ್ರೆ ಮಾತು." ಮತ್ತೆ ಮೆಲ್ಲಗೆ, "ಮಗೂನ ಕರ್ಕೊಂಡು ಎರಡು ದಿನ ಬಾರೇ. ಬಿಸಿನೀರಿನ ತೊಟ್ಟೀಲಿ ಮಲಗು. ಮುಖ ನೋಡ್ಕೊಂಡಿದೀಯಾ?"

ಇಲ್ಲಿ ಬಿಸಿನೀರು ಆರು ನಿಮಿಷಕ್ಕೆ ಮುಗಿದುಹೋಗುತ್ತದೆ. ಕತ್ತಿನವರೆಗೆ ಮುಳುಗಿ, ಬಾಗಿಲಾಚೆ ಅಮ್ಮ ಮಗುವನ್ನು ಆಡಿಸುವ ಸದ್ದು ಕೇಳುತ್ತ ಕಣ್ಣು ಮುಚ್ಚುವುದು ಹೇಗಿರುತ್ತದೆಂದು ಶೆಲ್ಬಿಗೆ ಚೆನ್ನಾಗಿ ನೆನಪಿತ್ತು. ಹೂಂ ಎನ್ನಲು ಬಾಯಿ ತೆರೆದಳು ಕೂಡ.

"ಇನ್ನೊಂದು ಸಲ ಬರ್ತೀನಿ ಅಮ್ಮ," ಎಂದಳು.

ಖಾಲಿ ಸೀಟಿನ ಕಾರು ಪಾರ್ಕಿನ ಗೇಟು ದಾಟುವವರೆಗೂ ನೋಡುತ್ತ ನಿಂತಿದ್ದು ಒಳಗೆ ಬಂದಳು. ಕಿಟಕಿಯ ಅಂಚಿನ ಲೋಟವನ್ನು ಇಣುಕಿ ನೋಡಿದಳು. ನೀರು ಆರಿತ್ತು. ಕಂದು ಉಂಗುರ ಮತ್ತೆ ಕೂತಿತ್ತು, ಮೊದಲಿನ ಜಾಗಕ್ಕಿಂತ ತುಸು ಮೇಲೆ, ಕೂದಲೆಳೆಯಷ್ಟು ತೆಳ್ಳಗೆ.

ಫೋನಿನಲ್ಲಿ ಡಾಲ್ಟನ್ ಬರೆದಿದ್ದ: "ಒಣಗ್ತಾ?"

"ಒಣಗಿತು. ಇಬ್ಬರೂ ಇಲ್ಲೇ ಇದೀವಿ," ಎಂದು ಬರೆದಳು. "ಬೇಗ ಬಾ" ಎಂದು ಸೇರಿಸಿದಳು. ಕತ್ತಲೆ ಬೀದಿಯಲ್ಲಿ ಕಂಬ ಹತ್ತಿ ನಿಂತವನಿಗೆ ಅವಸರ ಹತ್ತಿಸಬಾರದೆಂದು ಆ ಎರಡು ಪದಗಳನ್ನು ಅಳಿಸಿದಳು. ಉಳಿದದ್ದನ್ನು ಕಳುಹಿಸಿ, ಐವಿಯನ್ನು ಮಡಿಲಿಗೆ ಎತ್ತಿಕೊಂಡು, ಊಟದ ಮೇಜಿನ ಬಳಿ ಅವನು ಕೂರುತ್ತಿದ್ದ ಕಡೆಗೆ ಸರಿದು ಕೂತಳು.