ನಮ್ಮ ಮನೆಯ ನಿಲ್ಲದ ಗಾಲಿ

ನನ್ನ ಗಂಡ ಒಂದು ಗಾಲಿ ಮಾಡಿದ್ದರು. ಅದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ನಾನು ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಶಕ್ತಿಯನ್ನು ಹುಟ್ಟಿಸಲೂ ಆಗದು, ನಾಶ ಮಾಡಲೂ ಆಗದು, ಅದು ರೂಪ ಬದಲಿಸುತ್ತದೆ ಅಷ್ಟೆ ಎಂದು ವರ್ಷ ವರ್ಷವೂ ಹುಡುಗಿಯರಿಂದ ಬಾಯಿಪಾಠ ಮಾಡಿಸಿದವಳು. ಆ ಗಾಲಿ ಒಂದೊಂದು ದಿನ ಹೆಚ್ಚಿಗೆ ತಿರುಗಿದಂತೆಲ್ಲ ನನಗೆ ಅನ್ನ ಸೇರದಾಯಿತು.

ದೇವಾಪುರದ ಕಡೆ ಆಗ ಕಾಲುವೆ ಬಂದ ಹೊಸತು. ಉಪಕಾಲುವೆಯೊಂದು ನಮ್ಮ ಹೊಲದ ನಡುವೆಯೇ ಹಾದುಹೋಗಿತ್ತು. ಅದರ ಕೆಳಗಿನ ಪಾಲಿಗೆ ನೀರು ತಾನಾಗಿ ಇಳಿಯಿತು, ಜೋಳದ ಹೊಲ ಭತ್ತದ ಗದ್ದೆಯಾಯಿತು. ಮೇಲಿನ ಪಾಲು ಕಾಲುವೆಗಿಂತ ಎತ್ತರ. ಅಲ್ಲಿ ನಿಂತರೆ ನೀರು ಕಣ್ಣಿಗೆ ಕಾಣುತ್ತದೆ, ಹೊಲಕ್ಕೆ ಬರುವುದಿಲ್ಲ. ನಮ್ಮ ಮಾವನವರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಕೂಡಿಯೇ ಇದ್ದರು. ಸುಗ್ಗಿ ಮುಗಿದ ಮೇಲೆ ಪಾಲಾಗುವುದೆಂದು ನಿಶ್ಚಯವಾಗಿತ್ತು. ನಮ್ಮ ಕಡೆಯ ಪದ್ಧತಿ ಹೀಗೆ: ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಮೋಸ ಆಗಬಾರದೆಂದು ಹಿಂದಿನವರು ಮಾಡಿದ ಉಪಾಯ.

ನನ್ನ ಗಂಡ ಮಾಡಿದ ಪಾಲು ಕೇಳಿ ನನಗೆ ದಿಗಿಲಾಯಿತು. ಕಾಲುವೆಯೇ ಗಡಿ. ಕೆಳಗಿನ ಗದ್ದೆ ಒಂದು ಪಾಲು, ಮೇಲಿನ ಒಣಹೊಲ ಇನ್ನೊಂದು.

"ಎಲ್ಲಾ ಬಿಟ್ಟು ಹಿಂಗ್ಯಾಕ್ರಿ?" ಎಂದೆ. "ಕಾಲುವಿಗೆ ಅಡ್ಡ ಗೆರಿ ಹಾಕ್ರಿ. ಇಬ್ಬರಿಗೂ ಒಂದಿಷ್ಟು ಕೆಳಗ, ಒಂದಿಷ್ಟು ಮ್ಯಾಲ ಬರಲಿ. ನಿಮ್ಮ ತಮ್ಮ ಕಣ್ಣು ಮುಚ್ಚಿ ಗದ್ದಿ ಆರಿಸತಾರ. ನಮಗ ಒಣಹೊಲ."

"ಆರಿಸಲಿ. ಮ್ಯಾಲಿನ ಹೊಲಕ್ಕ ನೀರು ನಾ ಏರಸ್ತೀನಿ."

"ಎದರಿಂದ ಏರಸ್ತೀರಿ? ಅಲ್ಲಿ ಕರೆಂಟ್ ಇಲ್ಲ, ಎಂಜಿನ್ ಇಲ್ಲ."

"ಕರೆಂಟು ಬ್ಯಾಡ, ಎಂಜಿನ್ನೂ ಬ್ಯಾಡ. ತಾನ ತಿರಗೋ ಗಾಲಿ ಮಾಡಾಕತ್ತೀನಿ," ಎಂದರು, ಪಲ್ಯಕ್ಕೆ ಉಪ್ಪು ಕಮ್ಮಿ ಎನ್ನುವಷ್ಟು ಸಹಜವಾಗಿ.

ನಾನು ಆಗ ನಕ್ಕಿದ್ದೆ. ಆದರೆ ಅವರು ಯೋಚಿಸಿದ ರೀತಿ ದಡ್ಡತನದ್ದಲ್ಲ. ನಮ್ಮ ಸೀಮೆಯಲ್ಲಿ ನೀರೆಂದರೆ ಮೇಲೆತ್ತುವ ವಸ್ತು. ಬಾವಿಯಿಂದ ಎತ್ತು ಎಳೆಯಬೇಕು, ಇಲ್ಲವೇ ಎಂಜಿನ್ ಎಳೆಯಬೇಕು, ಕೊಡ ಹೊತ್ತ ಹೆಂಗಸಿನ ಸೊಂಟ ಎಳೆಯಬೇಕು. ಬೆವರಿಲ್ಲದೆ ಬರುವ ನೀರನ್ನು ಕಾಲುವೆ ಬರುವ ತನಕ ಯಾರೂ ಕಂಡಿರಲಿಲ್ಲ. ಅದನ್ನು ಮೊದಲ ಸಲ ನೋಡಿದವರಿಗೆ ನೀರು ತಾನೇ ನಡೆಯುತ್ತದೆ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

"ಕಾಲುವಿ ನೋಡು," ಎನ್ನುತ್ತಿದ್ದರು. "ಹಗಲೂ ರಾತ್ರಿ ಹರೀತದ. ಹಿಂದಿನಿಂದ ಯಾರರ ದೂಡ್ತಾರೇನು? ಡೀಸಲ್ ಹಾಕ್ತಾರೇನು?"

"ಸೂರ್ಯ ದೂಡ್ತಾನ್ರಿ," ಎಂದೆ. "ಸಮುದ್ರದ ನೀರು ಮ್ಯಾಲೆತ್ತಿ, ಮೋಡ ಮಾಡಿ, ಘಟ್ಟದ ಮ್ಯಾಲ ಸುರುವತಾನ. ಅದು ಹೊಳಿಯಾಗಿ ಬಂದು ಡ್ಯಾಮಿನಾಗ ನಿಂತದ. ಅಲ್ಲಿಂದ ಇಲ್ಲೀತನ ಬರೇ ಇಳಿಜಾರು. ಕಾಲುವಿ ಪುಕ್ಕಟೆ ಹರಿಯೂದಿಲ್ಲ, ಎತ್ತರದಿಂದ ಇಳೀತದ. ಇಳಿದದ್ದು ತಾನಾಗಿ ಏರೂದಿಲ್ಲ."

"ನಾನೂ ಇಳಸ್ತೀನಿ. ಇಳಿಯೋ ನೀರಿನ ಬಲದಿಂದ ಅದನ್ನ ಮತ್ತ ಏರಸ್ತೀನಿ."

ಇದೇ ಆ ಗಾಲಿಯ ಹೂರಣ. ಕಾಲುವೆಯೊಳಗೇ ಗಾಲಿ ಇಟ್ಟರೆ ನೀರಾವರಿಯವರು ಬಿಡುವುದಿಲ್ಲ. ಅದಕ್ಕೆ ಕೆಳಗಿನ ಗದ್ದೆಯ ಅಂಚಿನಲ್ಲಿ, ಕಾಲುವೆಯ ಮಣ್ಣಿನ ಏರಿಗೆ ಒತ್ತಿಕೊಂಡು ಒಂದು ತೊಟ್ಟಿ ಕಟ್ಟಿದರು. ಮೂರು ಕಡೆ ಕಲ್ಲು, ನಾಲ್ಕನೆಯ ಗೋಡೆ ಏರಿಯೇ. ಕಲ್ಲು ಉಳಿಯಿತು ಎಂದು ಅವರಿಗೆ ಹಿಗ್ಗು. ತೊಟ್ಟಿಯ ನೀರು ಕೊಳವೆಯಿಂದ ಗಾಲಿಯ ಮೇಲೆ ಬೀಳಬೇಕು, ಗಾಲಿ ತಿರುಗಬೇಕು, ಬಿದ್ದ ನೀರು ಕೆಳಗಿನ ಗುಂಡಿಗೆ ಸೇರಬೇಕು. ಗಾಲಿಯ ಅಚ್ಚಿಗೆ ಒಂದು ಸರಪಳಿ, ಸರಪಳಿಗೆ ಎಣ್ಣೆಯ ಡಬ್ಬಿಗಳು. ಅವು ಗುಂಡಿಯ ನೀರನ್ನು ತುಂಬಿಕೊಂಡು ಮೇಲೆ ಹೋಗಿ ಮತ್ತೆ ತೊಟ್ಟಿಗೆ ಸುರಿಯಬೇಕು. ಒಂದು ಸಲ ತುಂಬಿದ ನೀರು ಸುತ್ತುತ್ತಲೇ ಇರಬೇಕು. ಗಾಲಿ ಹಳೆಯ ಬಂಡಿಯದು. ಸರಪಳಿಯನ್ನು ಶಹಾಪುರದಲ್ಲಿ ಬೆಸುಗೆ ಹಾಕಿಸಿ ತಂದಿದ್ದರು. ಇದು ನಡೆದರೆ ಇದಕ್ಕಿಂತ ದೊಡ್ಡದೊಂದು ಮಾಡಿ, ಅದರ ಬಲದಿಂದ ಮೇಲಿನ ಹೊಲಕ್ಕೆ ನೀರೆತ್ತುವುದು ಅವರ ಲೆಕ್ಕ.

ನಾನು ಊಟದ ತಟ್ಟೆಯ ಮುಂದೆಯೇ ಪಾಠ ಮಾಡಿದೆ. ಒಂದು ಡಬ್ಬಿ ನೀರು ಬಿದ್ದರೆ ಎಷ್ಟು ಬಲ ಕೊಡುತ್ತದೋ, ಅದೇ ಡಬ್ಬಿಯನ್ನು ಅಷ್ಟೇ ಎತ್ತರಕ್ಕೆ ಏರಿಸಲು ಪೂರಾ ಅಷ್ಟೇ ಬಲ ಬೇಕು. ಒಂದು ಚೂರೂ ಮಿಗುವುದಿಲ್ಲ. ಮಿಗುವುದು ಹಾಗಿರಲಿ, ನಡುವೆ ಸೋರುತ್ತದೆ. ಅಚ್ಚು ಕಿರುಗುಟ್ಟುವುದಕ್ಕೆ ಒಂದಿಷ್ಟು, ಅಚ್ಚು ಬಿಸಿಯಾಗುವುದಕ್ಕೆ ಒಂದಿಷ್ಟು, ನೀರು ಸಿಡಿಯುವುದಕ್ಕೆ ಒಂದಿಷ್ಟು. ಹಾಗೆ ಹೋದ ಬಿಸಿ ಗಾಳಿಯಲ್ಲಿ ಹರಡಿಹೋಗುತ್ತದೆ. ಅದನ್ನೆಲ್ಲ ಗುಡಿಸಿ ತಂದು ಮತ್ತೆ ಗಾಲಿಗೆ ಹಾಕುವ ಕಸಬರಿಗೆ ಜಗತ್ತಿನಲ್ಲಿಲ್ಲ. ಗಾಲಿಯನ್ನು ದೊಡ್ಡದು ಮಾಡಿದರೆ ಬೀಳುವ ನೀರೂ ದೊಡ್ಡದು, ಏರಿಸಬೇಕಾದ ನೀರೂ ದೊಡ್ಡದು.

"ಗ್ರೀಸ್ ಹಚ್ಚತೀನಿ ಬಿಡ್ರಿ, ಅಕ್ಕೋರ," ಎಂದರು. ಶಾಲೆಯ ಮಕ್ಕಳು ನನ್ನನ್ನು ಕರೆಯುವ ಹಾಗೆ ಕರೆದು ನನ್ನ ಬಾಯಿ ಮುಚ್ಚಿಸುವುದು ಅವರ ಹಳೆಯ ಚಾಳಿ.

ಕಾಲುವೆಗೆ ನೀರು ಬಿಟ್ಟಿದ್ದ ದಿನಗಳಲ್ಲಿ ತೊಟ್ಟಿ ತುಂಬಿಸಿ ಗಾಲಿ ಬಿಟ್ಟರು. ಸಂಜೆಗೆ ನಿಲ್ಲುತ್ತದೆ ಎಂದುಕೊಂಡೆ. ಮರುದಿನ ಬಸ್ಸಿಗೆ ಹೋಗುವಾಗ ನೋಡಿದೆ, ತಿರುಗುತ್ತಿತ್ತು. ಶಾಲೆಯಿಂದ ಬಂದಾಗಲೂ ತಿರುಗುತ್ತಿತ್ತು. ಆ ವಾರವೆಲ್ಲ ತಿರುಗಿತು. ಊರವರು ಬಂದರು, ಕಾಲುವೆಯ ಬೆನ್ನಿಗೆ ಬಂದು ಕ್ಯಾಂಪ್ ಹಾಕಿ ಗದ್ದೆ ಮಾಡುತ್ತಿದ್ದ ತೆಲುಗರು ಬಂದರು, ರಂಗಂಪೇಟೆಯಿಂದ ಸೈಕಲ್ ಮೇಲೆ ಜನ ಬಂದರು. ನಮ್ಮ ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಒಬ್ಬರು, "ಏನ್ ಮೇಡಂ, ಪುಸ್ತಕದಾಗಿನ ಆ ಪಾಠ ಹರದು ಹಾಕೋಣೇನ್ರಿ?" ಎಂದು ಕೆಣಕಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತರಗತಿಯಲ್ಲಿ ಆ ಪಾಠ ಬಂದಾಗ ನನ್ನ ಧ್ವನಿ ನನಗೇ ಸುಳ್ಳಾಗಿ ಕೇಳಿಸುತ್ತಿತ್ತು.

ನಾನು ಎಲ್ಲ ಅನುಮಾನವನ್ನೂ ಪಟ್ಟೆ. ಎಲ್ಲೋ ಬ್ಯಾಟರಿ ಇಟ್ಟಿರಬಹುದೆಂದು ಗಾಲಿಯ ಹಿಂದೆ ಕೈ ಹಾಕಿ ನೋಡಿದೆ, ಕೈಗೆ ಗ್ರೀಸ್ ಮೆತ್ತಿತು ಅಷ್ಟೆ. ಅಚ್ಚು ಮುಟ್ಟಿದರೆ ಬಿಸಿ. ಆ ಬಿಸಿಯೇ ನನ್ನ ಪಾಲಿನ ಸಾಕ್ಷಿ. ಇಷ್ಟು ಶಕ್ತಿ ಗಾಳಿಗೆ ಹೋಗುತ್ತಿದೆ ಎಂದ ಮೇಲೆ ಎಲ್ಲಿಂದಲೋ ಅಷ್ಟು ಬರಲೇಬೇಕು. ಎಲ್ಲಿಂದ ಎಂಬುದೇ ಹೊಳೆಯದು.

ಹೊಳೆದದ್ದು ಎಮ್ಮೆಯ ಮುಂದೆ. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ. ಹಿತ್ತಲಲ್ಲಿ ಎಮ್ಮೆಗೆ ಇಟ್ಟ ಬಾನಿಯ ನೀರು, ಎಮ್ಮೆ ಕುಡಿಯದಿದ್ದರೂ ದಿನದಿನಕ್ಕೆ ಇಳಿಯುತ್ತದೆ. ಗಾಲಿಯ ತೊಟ್ಟಿ ಬಟ್ಟಬಯಲಿನಲ್ಲಿದೆ, ಗಾಲಿ ನೀರು ಸಿಡಿಸುತ್ತದೆ, ಗುಂಡಿಯ ಗರಸು ಮಣ್ಣು ನೀರು ಕುಡಿಯುತ್ತದೆ. ಆದರೂ ತೊಟ್ಟಿಯ ನೀರಿನ ಗೆರೆ ಇಳಿದದ್ದೇ ಇಲ್ಲ. ಶಕ್ತಿಯ ಮಾತು ಆಮೇಲಾಯಿತು, ನೀರೇ ಹೇಗೆ ಹುಟ್ಟುತ್ತದೆ?

ಭಾನುವಾರ ನನ್ನ ಗಂಡ ಯಾದಗಿರಿಗೆ ಹೋಗಿದ್ದರು. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ತೊಟ್ಟಿಗೆ ಕದಡಿದೆ. ಗಾಲಿ ನೀಲಿ ನೀರನ್ನು ಸುತ್ತಿಸತೊಡಗಿತು. ಅದೇ ನೀರು ಸುತ್ತುತ್ತಿದ್ದರೆ ನೀಲಿ ಹಾಗೆಯೇ ಉಳಿಯಬೇಕು. ಸಂಜೆಯ ಹೊತ್ತಿಗೆ ನೀರು ಕಾಲುವೆಯ ಕೆಂಬಣ್ಣಕ್ಕೆ ತಿರುಗಿತ್ತು. ಸೆರಗು ಸಿಕ್ಕಿಸಿ ತೊಟ್ಟಿಗೆ ಇಳಿದು ಏರಿಯ ಗೋಡೆಯನ್ನು ತಡವಿದೆ. ಮೊಳಕೈ ಆಳದಲ್ಲಿ ಬೆರಳಿಗೆ ತಣ್ಣಗೆ ನೀರು ತಾಗಿತು. ಏಡಿ ಕೊರೆದ ತೂತು. ಏರಿಯ ಆಚೆ ಕಾಲುವೆ ತುಂಬಿ ಹರಿಯುತ್ತಿತ್ತು, ನಮ್ಮ ತೊಟ್ಟಿಗಿಂತ ಎತ್ತರದಲ್ಲಿ. ಅಲ್ಲಿಂದ ನೀರು ತೂತಿನೊಳಗೆ ಹಾದು ತೊಟ್ಟಿಗೆ ಇಳಿಯುತ್ತಿತ್ತು. ಡಬ್ಬಿಗಳು ಏರಿಸುತ್ತಿದ್ದದ್ದು ಹೆಸರಿಗೆ ಒಂದಿಷ್ಟು. ಗಾಲಿಯನ್ನು ತಿರುಗಿಸುತ್ತಿದ್ದದ್ದು ಡ್ಯಾಮು, ಘಟ್ಟದ ಮಳೆ, ಸೂರ್ಯ.

ಉಸಿರು ಬಂತು. ನನ್ನ ಪಾಠ ಸುಳ್ಳಲ್ಲ ಎಂದು ಅಲ್ಲೇ ಒಬ್ಬಳೇ ನಕ್ಕೆ.

ರಾತ್ರಿ ಗಂಡ ಮನೆಗೆ ಬಂದ ಮೇಲೆ ನೀರು ಕೊಟ್ಟು, ಕುಳ್ಳಿರಿಸಿ, ಎಲ್ಲ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ. "ನನ್ನ ಗಾಲಿ ನಿಂದರಸಬೇಕಂತ ಮೊದಲಿಂದ ಹಟ ಹಿಡದೀ," ಎಂದು ಎದ್ದು ಹೋದರು. ಹೊಲಕ್ಕೆ ಹೋದರು, ಬಂದರು. ತೂತನ್ನು ಮುಟ್ಟಿ ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ. ಗಾಲಿ ಮಾತ್ರ ತಿರುಗುತ್ತಲೇ ಇತ್ತು.

ಅಷ್ಟರಲ್ಲಿ ನನ್ನ ಮೈದುನನ ಹೆಂಡತಿ ರೊಟ್ಟಿ ಬಡಿಯುತ್ತ ಒಂದು ಮಾತು ಹೇಳಿದಳು. "ಅಕ್ಕಾ, ಇವರು ಮ್ಯಾಲಿನ ಹೊಲಾನ ಆರಿಸತಾರಂತ್ರಿ, ಗಾಲಿ ಸಮೇತ. ಕಾಲುವಿ ಬಂದಾದರೂ ಗಾಲಿ ನೀರು ಕೊಡ್ತದ, ಅಣ್ಣ ಇನ್ನೊಂದು ಮಾಡ್ಕೋತಾನ ಅಂತಾರ. ನನಗ ಯಾಕೋ ಅಂಜಿಕಿ ಬರಾಕತ್ತದ."

ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು. ಇಷ್ಟು ದಿನ ಒಣಹೊಲ ನಮಗೆ ಬಂದೀತೆಂದು ಹೆದರಿದ್ದೆ. ಈಗ ಅದು ಇವಳ ತಲೆಗೆ ಬರಲಿತ್ತು. ಇವಳ ಮಕ್ಕಳು ಇನ್ನೂ ಸಣ್ಣವು, ನನ್ನಂತೆ ಪಗಾರವೂ ಇವಳಿಗಿಲ್ಲ. ನಾವು ಸುಮ್ಮನಿದ್ದರೆ ಸಾಕು, ಗದ್ದೆ ನಮ್ಮದು.

ಗಂಡನಿಗೆ ಹೇಳಿದೆ. "ಅವನ ಪಾಳಿ. ಅವನಿಗೆ ಬೇಕಾದ್ದು ಅವ ಆರಿಸತಾನ," ಎಂದರು. ಆ ಮಾತಿನ ಅರ್ಥವೇನೆಂದು ನಾನು ದಿನವೆಲ್ಲ ಜಗಿದೆ. ಇವರು ಇನ್ನೂ ಗಾಲಿಯನ್ನು ನಂಬಿದ್ದಾರೋ, ಇಲ್ಲ ಗೊತ್ತಿದ್ದೂ ತಮ್ಮನನ್ನು ಹೊಂಡಕ್ಕೆ ಬಿಡುತ್ತಿದ್ದಾರೋ. ಕೂಡಿ ಬಾಳಿದ ಮನುಷ್ಯನ ಬಗ್ಗೆ ಇಂಥ ಅನುಮಾನ ಬಂದಾಗ ಆಗುವ ಭಯ ಬೇರೆ. ಅವರು ಹೇಳದಿದ್ದರೆ ಪಾಲಿಗೆ ಕೂಡುವ ಊರ ಹಿರಿಯರ ಮುಂದೆ ನಾನೇ ಬಾಯಿ ತೆರೆಯುವುದೆಂದು ಗಟ್ಟಿ ಮಾಡಿಕೊಂಡೆ. ಹಾಗೆ ತೆರೆದರೆ ಗಂಡನ ಮರ್ಯಾದೆ ಊರ ಮುಂದೆ ಏನಾಗುತ್ತದೆಂದೂ ಗೊತ್ತಿತ್ತು.

ಪಾಲಿನ ದಿನ ಹಿರಿಯರು ಹೊಲದಲ್ಲೇ ಸೇರಿದರು, ಬೇವಿನ ಗಿಡದ ನೆರಳಲ್ಲಿ, ಗಾಲಿಯ ಸದ್ದು ಕೇಳುವಷ್ಟು ಹತ್ತಿರ. ನಾವಿಬ್ಬರು ಹೆಂಗಸರು ಚಹಾದ ಕಿಟ್ಲಿ ಹಿಡಿದು ಬದಿಗೆ ನಿಂತೆವು. ನನ್ನ ಗಂಡ ಎರಡು ಪಾಲು ಹೇಳಿದರು. ಹಿರಿಯರೊಬ್ಬರು ಮೈದುನನ ಕಡೆ ತಿರುಗಿ, "ಆರಿಸಪಾ," ಎಂದರು.

"ಮ್ಯಾಲಿನ ಹೊಲ ನನಗಿರಲಿರಿ. ಗಾಲಿ ಸುದ್ದಾ," ಎಂದ ಮೈದುನ.

ಕಿಟ್ಲಿ ಕೆಳಗಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ಅಷ್ಟರಲ್ಲಿ ನನ್ನ ಗಂಡ ಎದ್ದರು. "ಒಂದೀಟು ಕೂಡ್ರಿ. ಚಾ ಕುಡೀರಿ," ಎಂದು ತೊಟ್ಟಿಯ ಹತ್ತಿರ ಹೋದರು. ಗದ್ದೆಯ ಬದುವಿನಿಂದ ಎರೆಮಣ್ಣಿನ ದೊಡ್ಡ ಮುದ್ದೆ ಕಿತ್ತು, ಅದನ್ನು ಗೋಣಿ ಚೂರಿನಲ್ಲಿ ಸುತ್ತಿದರು. ತೊಟ್ಟಿಗೆ ಬಗ್ಗಿ ತೋಳು ಮುಳುಗಿಸಿದರು. ತಡಕಾಡಲಿಲ್ಲ, ಕೈ ನೇರ ಅಲ್ಲಿಗೇ ಹೋಯಿತು. ಅವರು ಮೊದಲೇ ಮುಟ್ಟಿ ನೋಡಿದ್ದರೆಂದು ನನಗೆ ಆಗ ತಿಳಿಯಿತು.

ಚಹಾ ಮುಗಿಯಿತು. ಎಲೆಅಡಿಕೆ ಸುತ್ತು ಬಂತು. ತೊಟ್ಟಿಯ ನೀರು ಗೆರೆ ಬಿಟ್ಟು ಇಳಿಯತೊಡಗಿತು. ಗಾಲಿ ನಿಧಾನವಾಯಿತು. ಡಬ್ಬಿಯೊಂದು ಅರ್ಧ ಏರಿ ತಡೆದು ನಿಂತಿತು, ಆಮೇಲೆ ಹಿಂದಕ್ಕೆ ಜಾರಿತು. ಗಾಲಿ ಒಮ್ಮೆ ಹಿಂದೆ, ಒಮ್ಮೆ ಮುಂದೆ ತೂಗಿ ನಿಂತುಬಿಟ್ಟಿತು. ಎಲ್ಲರಿಗೂ ಕಾಲುವೆಯ ಸದ್ದು ಕೇಳಿಸಿತು.

"ಯಾಕ ನಿಂತಿತು?" ಎಂದು ಹಿರಿಯರು ಕೇಳಿದರು.

"ಏಡಿ ತೂತಿನಿಂದ ಕಾಲುವಿ ನೀರು ಬರ್ತಿತ್ತು. ಅದನ್ನ ಮುಚ್ಚಿದೆ. ತಾನ ತಿರಗೋ ಗಾಲಿ ಇರೂದಿಲ್ಲರಿ. ಯಾಕಂತ ಆಕಿನ್ನ ಕೇಳ್ರಿ, ಆಕಿ ಮೊದಲ ಹೇಳಿದ್ದಳು." ನನ್ನ ಗಂಡ ತಮ್ಮನ ಕಡೆ ತಿರುಗಿದರು. ತೋಳಿನ ಮೇಲೆ ಮಣ್ಣು ಇನ್ನೂ ಹಸಿಯಾಗಿತ್ತು. "ಈಗ ಆರಿಸು."

ಮೈದುನ ತಲೆ ಎತ್ತಲಿಲ್ಲ. ಕಡ್ಡಿಯಿಂದ ನೆಲ ಕೆದಕಿದ. ಅವನ ಹೆಂಡತಿ ನನ್ನ ರಟ್ಟೆ ಹಿಡಿದಿದ್ದಳು. ಕೊನೆಗೆ, "ಕೆಳಗಿನದು," ಎಂದ, ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ. ಹಿರಿಯರು ಹ್ಞೂಂ ಎಂದರು. ಪಾಲು ಮುಗಿಯಿತು.

ನನ್ನ ಗಂಡ ಅದನ್ನು ಕೇಳಿ ತಲೆ ಆಡಿಸಿದರು. ಆಮೇಲೆ ಯಾರ ಕಡೆಯೂ ನೋಡದೆ ಗಾಲಿಯ ಹತ್ತಿರ ಹೋಗಿ, ಅದರ ಅಂಚಿನ ಮೇಲೆ ಕೈ ಇಟ್ಟು ನಿಂತರು. ಅವರ ಬೆನ್ನು ನೋಡುತ್ತಿದ್ದ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಜನ್ಮವೆಲ್ಲ ವಿಜ್ಞಾನ ಕಲಿಸಿದ ನಾನು ಆ ಹೊತ್ತು ಸೆರಗಿನ ಮರೆಯಲ್ಲಿ ಕೈ ಮುಗಿದು, ಇದೊಂದು ಸಲ, ಇವರ ಸಲುವಾಗಿ, ಅದು ತಾನೇ ತಿರುಗಲಿ ಎಂದು ಬೇಡಿಕೊಂಡೆ. ಗಾಲಿ ತಿರುಗಲಿಲ್ಲ.