ಪರದೆಯ ಮೇಲಿನ ಹಳೆಯ ಹಸಿರು

ಕಂಟ್ರೋಲ್ ರೂಮಿನ ಪರದೆಯ ಮೇಲೆ 'ಎಲ್ಲ ಸರಿಯಿದೆ' ಎನ್ನುವ ಹಸಿರು ಈ ಕ್ಷಣದ ಸುದ್ದಿಯಲ್ಲ, ಕೊನೆಯ ಸಲ ಬಂದ ಸುದ್ದಿ. ಆಮೇಲೆ ಸುದ್ದಿ ಬರುವುದೇ ನಿಂತುಹೋದರೂ ಎಷ್ಟೋ ಪರದೆಗಳು ಹಸಿರಾಗಿಯೇ ಕೂತಿರುತ್ತವೆ. ಇಷ್ಟು ನಿಮಗೆ ಗೊತ್ತಿರಬೇಕು.

ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಹೆಂಗಸಿಗೂ ಗೊತ್ತಿತ್ತು. ಎಲ್ಲರೂ ಅವಳನ್ನು ವೈರಕ್ಕ ಎನ್ನುತ್ತಿದ್ದರು. ಅಲ್ಲೇ ಪೆಟ್ಟಿಗೆ ಹೊರುವ ಅವಳ ಸ್ವಂತ ಅಣ್ಣನೂ, ರೇಗಿಸಲಿಕ್ಕೆಂದೇ, ಹಾಗೇ ಕರೆಯುತ್ತಿದ್ದ.

ಅವತ್ತು ಬೆಳಿಗ್ಗೆ ಗೇಟಿನ ಹತ್ತಿರ ಅಣ್ಣ ಕಣ್ಣುಜ್ಜುತ್ತ ನಿಂತಿದ್ದ.

"ಏನಣ್ಣ, ಅತ್ತಿಗೆ ಬೈದ್ರಾ?"

"ಅವಳು ಬೈದ್ರೆ ಉರಿಯೋದು ಕಿವಿ ಕಣೇ, ಕಣ್ಣಲ್ಲ. ನಿನ್ನೆ ಒಳಗೆ ಅಮೋನಿಯಾ ವಾಸನೆ ಬಂತು. ದೊಡ್ಡ ಮೆಷಿನ್ ಶುರುವಾದಾಗ ಬಂತು, ಆಮೇಲೆ ಹೋಯ್ತು. ನಿನ್ನ ಪರದೆ ಏನಂತು ವೈರಕ್ಕ?"

ಪರದೆ ಏನೂ ಅಂದಿರಲಿಲ್ಲ. ಇಡೀ ದಿನ ಹಸಿರಾಗಿತ್ತು.

"ಇವತ್ತು ಒಳಗೆ ಹೋಗ್ಬೇಡ ಅಣ್ಣ."

"ಲಾರಿ ನಿಂತಿದೆ. ನೀನು ಬಂದು ಲೋಡ್ ಮಾಡ್ತೀಯಾ?" ನಗುತ್ತ ಒಳಗೆ ಹೋದ. ದಪ್ಪ ಬಾಗಿಲು ಮುಚ್ಚಿಕೊಂಡಿತು.

ಆ ಕಟ್ಟಡವನ್ನು ತಣ್ಣಗಿಡುವುದೇ ಕೊಳವೆಗಳಲ್ಲಿ ಓಡುವ ಅಮೋನಿಯಾ. ಅದು ಸೋರಿದರೆ ಮೊದಲು ಕಣ್ಣು, ಆಮೇಲೆ ಗಂಟಲು, ಆಮೇಲೆ ಮನುಷ್ಯ. ಸೋರಿಕೆ ಕಂಡುಹಿಡಿಯುವ ಸೆನ್ಸರುಗಳು ಗೋಡೆಗೋಡೆಯಲ್ಲೂ ಇದ್ದವು. ಅವುಗಳ ಮಾತನ್ನೆಲ್ಲ ಮೆಷಿನ್ ರೂಮಿನ ಒಂದು ಹಳೆಯ ಪೆಟ್ಟಿಗೆ ಕೂಡಿಸಿ, ಒಂದೇ ವೈರಿನಲ್ಲಿ ಕಂಟ್ರೋಲ್ ರೂಮಿಗೆ ಕಳಿಸುತ್ತಿತ್ತು.

ಅವಳು ಕಂಟ್ರೋಲ್ ರೂಮಿಗೆ ಓಡಿದಳು. ಹಳೆಯ ಪೆಟ್ಟಿಗೆಗೆ 'ಇದ್ದೀಯಾ?' ಎಂದು ಕೇಳುವ ಪಿಂಗ್ ಹೊಡೆದಳು. ಪ್ರತಿ ಸಲವೂ ಉತ್ತರ ಬಂತು.

"ಸರಿಯಾಗೇ ಇದೆಯಲ್ಲಮ್ಮ," ಎಂದ ಮ್ಯಾನೇಜರ್, ಟೀ ಲೋಟ ಕೆಳಗಿಡದೆ.

ಅವಳು ಪೆಟ್ಟಿಗೆ ಇಟ್ಟುಕೊಂಡಿದ್ದ ತಪ್ಪುಗಳ ಲೆಕ್ಕ ತೆರೆದಳು. ಡಿಕ್ಕಿಗಳು. ರಾಶಿ ಡಿಕ್ಕಿಗಳು.

"ಹಾಫ್ ಡ್ಯೂಪ್ಲೆಕ್ಸ್ ಅಂದ್ಮೇಲೆ ಡಿಕ್ಕಿ ಇರುತ್ತೆ ಅಂತ ನೀನೇ ಹೇಳಿದ್ದೆ," ಎಂದ ಮ್ಯಾನೇಜರ್.

ಹೇಳಿದ್ದಳು, ನಿಜ. ಹಾಫ್ ಡ್ಯೂಪ್ಲೆಕ್ಸ್ ಎಂದರೆ ಕಾವಲುಗಾರರ ವಾಕಿಟಾಕಿಯ ಹಾಗೆ: ಒಬ್ಬ ಮಾತಾಡುವಾಗ ಇನ್ನೊಬ್ಬ ಸುಮ್ಮನಿರಬೇಕು. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಡಿಕ್ಕಿ. ಇಬ್ಬರೂ ತಡೆದು, ಮತ್ತೆ ಹೇಳುತ್ತಾರೆ. ಅದು ರೋಗವಲ್ಲ. ಆದರೆ ಈ ಡಿಕ್ಕಿಗಳು ತಡವಾದವು. ಪೆಟ್ಟಿಗೆ ಕೇಳಿಸಿಕೊಂಡು, ಸದ್ದಿಲ್ಲವೆಂದು ಖಾತ್ರಿಮಾಡಿಕೊಂಡು, ಅರ್ಧ ಮಾತಾಡಿ ಮುಗಿಸಿದ ಮೇಲೆ ವೈರಿನ ಎದುರು ತುದಿಯವನು ಅದರ ಮೇಲೆ ಬೀಳುತ್ತಿದ್ದ. ಹೀಗಾಗಬೇಕಾದರೆ ಒಂದೋ ವೈರು ಮಿತಿಮೀರಿ ಉದ್ದವಿರಬೇಕು, ಇಲ್ಲವೇ ಎದುರಿನವನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿರಬೇಕು.

ವೈರು ಉದ್ದವಿರಲಿಲ್ಲ. ಎಳೆದವಳೇ ಅವಳು.

ಆಗ ನೆನಪಾಯಿತು. ಹೋದ ತಿಂಗಳು ಆ ಎದುರು ತುದಿಗೆ, ವೈರುಗಳನ್ನೆಲ್ಲ ಜೋಡಿಸುವ ಹೊಸ ನೆಟ್‌ವರ್ಕ್ ಸ್ವಿಚ್ಚು ಬಂದಿತ್ತು. ಅದರಲ್ಲಿ ವೈರು ಸಿಕ್ಕಿಸುವ ಎಲ್ಲ ಪೋರ್ಟುಗಳನ್ನೂ ಫುಲ್ ಡ್ಯೂಪ್ಲೆಕ್ಸಿಗೆ, ಅಂದರೆ ಇಬ್ಬರೂ ಒಟ್ಟಿಗೆ ಮಾತಾಡಬಹುದಾದ ರೀತಿಗೆ, ಲಾಕ್ ಮಾಡಬೇಕೆಂದು ಹೆಡ್ ಆಫೀಸಿನ ಅಪ್ಪಣೆ. ಲಾಕ್ ಮಾಡಿದರೆ ತೊಂದರೆಯೇ ಇಲ್ಲ ಎನ್ನುವುದು ಅಲ್ಲಿಯವರ ನಂಬಿಕೆ. ಹಳೆಯ ಪೆಟ್ಟಿಗೆಯ ಪೋರ್ಟನ್ನೂ ಅವಳೇ ಕೈಯಾರೆ ಲಾಕ್ ಮಾಡಿದ್ದಳು. ಸುಮ್ಮನೆ ಬಿಟ್ಟಿದ್ದರೆ ಸ್ವಿಚ್ಚು ತಾನಾಗಿ ಹಳೆಯ ಪೆಟ್ಟಿಗೆಗೆ ಹೊಂದಿಕೊಳ್ಳುತ್ತಿತ್ತು. ಈಗ ಸ್ವಿಚ್ಚಿಗೆ ರಸ್ತೆಯೆಲ್ಲ ತನ್ನದೇ. ಯಾರಿಗೂ ಕಾಯುವುದಿಲ್ಲ.

ಪಿಂಗಿನಂಥ ಒಂದೆರಡು ಮಾತು ಹೇಗೋ ನುಸುಳುತ್ತವೆ. ಎಲ್ಲ ಸೆನ್ಸರುಗಳೂ ಒಟ್ಟಿಗೆ ಕೂಗಿದರೆ ಒಂದೂ ದಾಟುವುದಿಲ್ಲ. ಎಲ್ಲವೂ ಒಟ್ಟಿಗೆ ಕೂಗುವುದು ಯಾವಾಗ? ಸೋರಿದಾಗ.

"ಸಾರ್, ಒಳಗಿರೋರನ್ನ ಹೊರಗೆ ಕರೀರಿ. ಈ ಹಸಿರನ್ನ ನಂಬೋ ಹಾಗಿಲ್ಲ."

"ವಾಸನೆ ಬಂತು ಅಂತ ಕೆಲಸ ನಿಲ್ಸಿದ್ರೆ ಮೀನಿನ ವ್ಯಾಪಾರ ಮಾಡಿದ ಹಾಗೇ. ನೋಡಮ್ಮ, ಹಸಿರು!"

ಕೆಳಗೆ, ಕೊಳವೆಗಳಿಗೆ ಅಮೋನಿಯಾ ತಳ್ಳುವ ದೊಡ್ಡ ಮೆಷಿನ್ ಗುಡುಗಿ ಶುರುವಾಯಿತು. ಡಿಕ್ಕಿಯ ಲೆಕ್ಕ ಅವಳ ಕಣ್ಣೆದುರೇ ಹುಚ್ಚು ಹಿಡಿದಂತೆ ಓಡಿತು. ಪರದೆ ಮಾತ್ರ ಬದಲಾಗಲಿಲ್ಲ. ಎಲ್ಲವೂ ಹಸಿರು, ಅಣ್ಣ ಇದ್ದ ಕೋಣೆಯೂ ಹಸಿರು.

ಮೆಟ್ಟಿಲ ಪಕ್ಕದ ಅಪಾಯದ ಗಂಟೆಯ ಗಾಜನ್ನು ಅವಳು ಮೊಣಕೈಯಿಂದ ಒಡೆದಳು.

"ನಿನಗೇನು ತಲೆ ಕೆಟ್ಟಿದೆಯಾ!" ಮ್ಯಾನೇಜರ್ ಕೂಗಿದ್ದು ಗಂಟೆಯ ಸದ್ದಿನಲ್ಲಿ ಮುಳುಗಿತು. ಕಿಟಕಿಯ ಕೆಳಗೆ ಜನ ಅಂಗಳಕ್ಕೆ ಓಡಿ ಬಂದರು. ಒಂದೊಂದು ಮುಖವನ್ನೂ ಹುಡುಕಿದಳು. ಅಣ್ಣ ಇರಲಿಲ್ಲ.

ಯಾವ ಕೋಣೆಗೆ ಯಾರನ್ನು ಕಳಿಸಬೇಕು? ಅದನ್ನು ಹೇಳಬೇಕಾದ ಪರದೆ ಸುಳ್ಳು ಹೇಳುತ್ತಿತ್ತು. ಕಂಪ್ಯೂಟರಿಗೆ ಮರಳಿ ಪೋರ್ಟಿನ ಲಾಕ್ ತೆಗೆದಳು. ಒಮ್ಮೆ ತಪ್ಪು ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು. ಪರದೆ ಒಂದು ಕ್ಷಣ ಕಪ್ಪಾಯಿತು. ಆಮೇಲೆ ಹಿಂದಿನ ಮೂಲೆಯ ಕೋಣೆ ಕೆಂಪಾಯಿತು. ಅಣ್ಣನ ಕೋಣೆ.

ಮ್ಯಾನೇಜರಿನ ಕೈಯ ಲೋಟ ಬಿತ್ತು. "ಹಿಂದಿನ ಕೋಣೆ! ಮಾಸ್ಕ್ ಹಾಕ್ಕೊಂಡು ಹೋಗ್ರೋ!" ಎಂದು ಅವನೇ ಕಿಟಕಿಯಿಂದ ಕಿರುಚಿದ.

ಮಾಸ್ಕಿನವರು ಅಣ್ಣನನ್ನು ಬಾಗಿಲ ಬಳಿಯೇ ಕಂಡರು. ಬಿದ್ದುಹೋಗಿದ್ದ ಜೊತೆಗಾರನನ್ನು ಕಂಕುಳಲ್ಲಿ ಹಿಡಿದು ಎಳೆಯುತ್ತಿದ್ದ. ಅಂಗಳದಲ್ಲಿ ತಂಗಿಯ ಕಾಲ ಬಳಿ ಕೂತು ಬಹಳ ಹೊತ್ತು ಕೆಮ್ಮಿದ.

"ಮಾತಾಡಣ್ಣ," ಎಂದು ಅವಳು ಅವನ ಭುಜ ಅಲುಗಾಡಿಸಿದಳು. "ಏನಾದ್ರೂ ಮಾತಾಡು."

"ತಡಿಯೇ ವೈರಕ್ಕ," ಎಂದ ಕೊನೆಗೆ. "ಉಸಿರಾಡ್ಲಿಕ್ಕಾದ್ರೂ ಬಿಡು."

ಅಣ್ಣನೂ ಜೊತೆಗಾರನೂ ಬದುಕಿದರು. ಜೊತೆಗಾರನ ದನಿ ಮಾತ್ರ ಹೋದದ್ದು ಪೂರ್ತಿ ಮರಳಲಿಲ್ಲ. ವೈರಕ್ಕನಿಗೆ ಅನುಮತಿಯಿಲ್ಲದೆ ಕೆಲಸ ನಿಲ್ಲಿಸಿದ್ದಕ್ಕೆ ನೋಟಿಸು ಬಂತು. ಲಾಕ್ ಮಾಡಲು ಹೇಳಿದ ಹೆಡ್ ಆಫೀಸಿನವರಿಗೆ ಏನೂ ಬರಲಿಲ್ಲ. ಅವರ ಪರದೆಯಲ್ಲಿ ಅವತ್ತೂ ಎಲ್ಲ ಹಸಿರಾಗಿತ್ತಲ್ಲ!

ನಿಮ್ಮ ಮನೆಯವರೂ ಇಂಥದೇ ಒಂದು ಬಾಗಿಲ ಒಳಗೆ ದುಡಿಯುತ್ತಿರಬಹುದು. ಹೋಗಿ, ಇವತ್ತೇ ಹೋಗಿ, ಆ ಪರದೆಯ ಮುಂದೆ ಕೂತವನನ್ನು ಕೇಳಿ: ಈ ಹಸಿರು ಯಾವಾಗಿನದು? ಅವನು ಉತ್ತರ ಕೊಡುವ ತನಕ ಅಲ್ಲಿಂದ ಏಳಬೇಡಿ.